ಮಕ್ಕಳಿಗೆ ಸಲ್ಲಬೇಕಾದ ಮನೆಯ ಹೊತ್ತು

ಶಾಲೆಗೆ ಹೋಗುವ ಚಿಕ್ಕ ಮಕ್ಕಳುಳ್ಳ ಮನೆಯ ದಿನಚರಿಯನ್ನು ಗೊತ್ತುಪಡಿಸುವ ಶಕ್ತಿಗಳು ಮೂರು: ಶಾಲೆಯ ಗಂಟೆ, ಕಚೇರಿಯ ವೇಳೆ, ಇವೆರಡರ ನಡುವೆ ಹಾದುಹೋಗುವ ರಸ್ತೆ. ಈ ಮೂರೂ ತಂತಮ್ಮ ಪಾಲನ್ನು ತೆಗೆದುಕೊಂಡ ಬಳಿಕ ಏನು ಉಳಿಯುವುದೋ ಅದೇ ಮನೆಯ ಹೊತ್ತು. ಆ ಹೊತ್ತಿನಲ್ಲಿಯೇ ಮಗು ಉಣ್ಣಬೇಕು, ಆಡಬೇಕು, ಒಡಹುಟ್ಟಿದವರೊಡನೆ ಜಗಳವಾಡಿ ರಾಜಿಯಾಗಬೇಕು, ಕಥೆ ಕೇಳಬೇಕು, ತಾನು ಯಾರ ಮನೆಯ ಕೂಸು, ತನ್ನ ಹಿರಿಯರು ಎಂಥವರು ಎಂಬುದನ್ನು ಅರಿಯಬೇಕು, ಕಡೆಗೆ ಕಣ್ತುಂಬ ನಿದ್ದೆಯನ್ನೂ ಮಾಡಬೇಕು. ಪುಣೆಯ ವಾಯವ್ಯದ ಅಂಚಿನಲ್ಲಿರುವ ವಾಕಡದ ಕನ್ನಡ ಕುಟುಂಬಗಳ ನಿತ್ಯಜೀವನವನ್ನು ಹತ್ತಿರದಿಂದ ಕಂಡವರಿಗೆ, ಈ ಉಳಿಕೆಯ ಹೊತ್ತು ಎಷ್ಟು ಕಿರಿದು, ಅದರ ಮೇಲೆ ಬಿದ್ದಿರುವ ಹೊಣೆ ಎಷ್ಟು ಹಿರಿದು ಎಂಬುದು ಬೇರೆ ಪ್ರಮಾಣವಿಲ್ಲದೆಯೇ ಮನದಟ್ಟಾಗುತ್ತದೆ.

ವಾಕಡವು ಮುಳಾ ನದಿಯ ದಂಡೆಯ ಹಳೆಯ ಊರು. ಅದರ ಗ್ರಾಮದೈವ ಮ್ಹಾತೋಬಾ. ಚೈತ್ರದ ಹುಣ್ಣಿಮೆಯಂದು ಹಿಂಜವಡಿಯಿಂದ ವಾಕಡಕ್ಕೆ ‘ಬಗಾಡ’ವೆಂಬ ಸಿಡಿಯ ಮೆರವಣಿಗೆ ಬರುವ ಸಂಪ್ರದಾಯ ಇಂದಿಗೂ ನಡೆದುಬಂದಿದೆ. ಆದರೆ ಪಕ್ಕದ ಹಿಂಜವಡಿಯಲ್ಲಿ ರಾಜೀವ ಗಾಂಧಿಯವರ ಹೆಸರಿನ ಮಾಹಿತಿ ತಂತ್ರಜ್ಞಾನದ ವಸಾಹತು ತಲೆಯೆತ್ತಿದ ಬಳಿಕ, ಹೊಲಗಳಿದ್ದ ಈ ಬಯಲು ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಯ ದಟ್ಟ ಬಡಾವಣೆಯಾಗಿ ಮಾರ್ಪಟ್ಟು, ಕಸ್ಪಟೆ ವಸ್ತಿಯಿಂದ ಭೂಮಕರ ಚೌಕದವರೆಗೆ ಬಹುಮಹಡಿ ಸೊಸೈಟಿಗಳು ಸಾಲುಗಟ್ಟಿ ನಿಂತಿವೆ. ಊರನ್ನು ಸೀಳಿಕೊಂಡು ಹೋಗುವ ಮುಂಬಯಿ-ಬೆಂಗಳೂರು ಹೆದ್ದಾರಿಯು ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳನ್ನು ಹಾದು ನೇರವಾಗಿ ಬೆಳಗಾವಿ, ಹುಬ್ಬಳ್ಳಿಗಳಿಗೆ ಮುಟ್ಟುವುದರಿಂದ, ಉತ್ತರ ಕರ್ನಾಟಕದ ತರುಣ ಎಂಜಿನಿಯರುಗಳಿಗೆ ಇದು ಪರದೇಶವೆನ್ನಿಸದಷ್ಟು ಸಮೀಪದ, ತವರೆನ್ನಿಸದಷ್ಟು ದೂರದ ಊರಾಗಿದೆ. ಶುಕ್ರವಾರದ ರಾತ್ರಿ ವಾಕಡದ ಸೇತುವೆಯ ಬಳಿ ಚೀಲ ಹಿಡಿದು ಬಸ್ಸಿಗೆ ಕಾಯುವವರ ಮಾತಿಗೆ ಕಿವಿಗೊಟ್ಟರೆ ಅಥಣಿ, ಜಮಖಂಡಿ, ಗದಗ, ಕಲಬುರಗಿಗಳ ಕನ್ನಡ ಒಂದರ ಬೆನ್ನಿಗೊಂದು ಕೇಳಿಬರುತ್ತದೆ. ಇವರಲ್ಲಿ ಅನೇಕರ ಮಕ್ಕಳು ಇಲ್ಲಿಯೇ ಹುಟ್ಟಿ, ಈಗ ಒಂದನೆಯ, ಎರಡನೆಯ, ಮೂರನೆಯ ತರಗತಿಗಳಲ್ಲಿ ಓದುತ್ತಿದ್ದಾರೆ.

ಮನೆಯ ಹೊತ್ತಿನ ಲೆಕ್ಕವನ್ನು ಪ್ರಾತಃಕಾಲದಿಂದಲೇ ಆರಂಭಿಸುವುದು ಯುಕ್ತ. ಏಳು ಗಂಟೆಗೆ ಶಾಲೆಯಿರುವ ಮಗು ಬಸ್ಸಿಗೆ ಸಿದ್ಧವಾಗಬೇಕಾದರೆ ಐದೂವರೆಗೆ ಏಳಬೇಕು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆಗಳ ನಿದ್ದೆ ಅವಶ್ಯವೆಂಬುದು ನಿದ್ರಾವೈದ್ಯರ ಅಭಿಪ್ರಾಯ. ಅದರಲ್ಲಿ ಕನಿಷ್ಠವಾದ ಒಂಬತ್ತನ್ನೇ ಹಿಡಿದರೂ ಮಗು ರಾತ್ರಿ ಎಂಟೂವರೆಗೆ ಮಲಗಿರಬೇಕಾಗುತ್ತದೆ. ಹಿಂಜವಡಿಯ ಮೂರನೆಯ ಹಂತದ ಕಚೇರಿಯಿಂದ ಹೊರಟು, ವಾಹನಗಳ ದಟ್ಟಣೆಯಲ್ಲಿ ತೆವಳುತ್ತ ತಂದೆಯೋ ತಾಯಿಯೋ ಮನೆ ಸೇರುವಾಗ ಎಂಟಾಗಿರುವುದು ಇಲ್ಲಿ ಅಪರೂಪವೇನೂ ಅಲ್ಲ. ಅರ್ಧ ಗಂಟೆಯೊಳಗೆ ಊಟ, ಮಾತು, ಮರುದಿನದ ಚೀಲದ ಸಿದ್ಧತೆ ಎಲ್ಲವೂ ಮುಗಿಯುವುದು ಅಸಾಧ್ಯ. ಆದ್ದರಿಂದ ಇಂಥ ಮನೆಗೆ ಎರಡೇ ದಾರಿ: ಮಗುವಿನ ನಿದ್ದೆಯನ್ನು ಕತ್ತರಿಸುವುದು, ಇಲ್ಲವೆ ತಂದೆತಾಯಿಗಳೊಡನೆ ಅದಕ್ಕಿರುವ ಸಾನ್ನಿಧ್ಯವನ್ನು ಕತ್ತರಿಸುವುದು. ಯಾವುದನ್ನು ಕಡಿದರೂ ನಷ್ಟ ಮಗುವಿನದೇ.

ಈ ಸಂಕಟ ಕಡೆಗೆ ಸರಕಾರದ ಗಮನಕ್ಕೂ ಬಂತು. 2023ರ ಡಿಸೆಂಬರಿನಲ್ಲಿ ಆಗಿನ ರಾಜ್ಯಪಾಲ ರಮೇಶ ಬೈಸ್ ಅವರು ಮಕ್ಕಳ ನಿದ್ದೆಗೆ ಭಂಗ ಬರುತ್ತಿರುವುದನ್ನು ಎತ್ತಿ ಹೇಳಿ ಶಾಲೆಯ ವೇಳೆಯನ್ನು ಬದಲಿಸುವಂತೆ ಸೂಚಿಸಿದರು. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರಕಾರವು, ಶಿಶುವರ್ಗದಿಂದ ನಾಲ್ಕನೆಯ ಇಯತ್ತೆಯವರೆಗಿನ ತರಗತಿಗಳು ಬೆಳಗಿನ ಒಂಬತ್ತಕ್ಕೆ ಮೊದಲು ಆರಂಭವಾಗಕೂಡದೆಂದು ಆಜ್ಞೆ ಹೊರಡಿಸಿತು. ಒಂದೇ ಕಟ್ಟಡದಲ್ಲಿ ಎರಡು ಪಾಳಿ ನಡೆಸುವ ಶಾಲೆಗಳಿಗೆ, ಅದೇ ಬಸ್ಸಿನಲ್ಲಿ ಹಿರಿಯರನ್ನೂ ಕಿರಿಯರನ್ನೂ ಸಾಗಿಸುವ ವ್ಯವಸ್ಥೆಗೆ, ಎಂಟೂವರೆಗೆ ಕಚೇರಿಗೆ ಹೊರಡಬೇಕಾದ ತಂದೆತಾಯಿಗಳಿಗೆ ಇದರಿಂದ ತೊಡಕುಗಳು ಉಂಟಾದುದು ನಿಜ. ಆದರೂ ಈ ಆಜ್ಞೆಯ ಹಿಂದಿರುವ ತತ್ತ್ವ ಅತ್ಯಂತ ಶ್ಲಾಘ್ಯವಾದುದು. ಏಕೆಂದರೆ ಮಗುವಿನ ಮನೆಯ ಹೊತ್ತು ಎಂಬುದೊಂದು ಉಂಟು, ಅದನ್ನು ಶಾಲೆಯು ತನ್ನ ಅನುಕೂಲಕ್ಕಾಗಿ ಕಬಳಿಸಲಾಗದು ಎಂಬುದನ್ನು ರಾಜ್ಯಾಡಳಿತವೇ ಇಲ್ಲಿ ಒಪ್ಪಿಕೊಂಡಂತಾಯಿತು. ಏಳು ಗಂಟೆಗೆ ಏಳುವ ಮಗು ರಾತ್ರಿ ಒಂಬತ್ತೂವರೆಯವರೆಗೆ ಎಚ್ಚರವಿದ್ದರೂ ನಿದ್ದೆಗೆ ಕೊರತೆಯಾಗದು. ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಮರಳಿ ಸಾಧ್ಯವಾಗುತ್ತದೆ.

ಗೃಹಪಾಠ ಮತ್ತು ಚೀಲದ ವಿಷಯದಲ್ಲಿಯೂ ಇಂಥದೇ ವಿವೇಕದ ನಿಯಮಗಳು ಆಗಿವೆ. 2020ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಶಾಲಾ ಚೀಲದ ನೀತಿಯು, ಚೀಲದ ಭಾರ ಮಗುವಿನ ಮೈತೂಕದ ನೂರಕ್ಕೆ 10ನ್ನು ಮೀರಬಾರದೆಂದೂ, ಎರಡನೆಯ ತರಗತಿಯವರೆಗೆ ಗೃಹಪಾಠವನ್ನೇ ಕೊಡಬಾರದೆಂದೂ ವಿಧಿಸುತ್ತದೆ. ಆದರೆ ನಿಯಮದಿಂದ ಬಿಡುವಾದ ಸಂಜೆಯನ್ನು ನಾವೇ ಬೇರೆ ಬಗೆಯಲ್ಲಿ ತುಂಬಿಬಿಡುತ್ತೇವೆ. ಅಬಾಕಸ್, ಸ್ಕೇಟಿಂಗ್, ಚಿತ್ರಕಲೆ, ಕೋಡಿಂಗ್ ಎಂದು ವಾರದ ಪ್ರತಿ ಸಂಜೆಗೂ ಒಂದೊಂದು ವರ್ಗವನ್ನು ಗೊತ್ತುಮಾಡಿ, ಮಗು ಒಂದರಿಂದ ಇನ್ನೊಂದಕ್ಕೆ ಓಡುವುದನ್ನು ನೋಡಿ ತೃಪ್ತರಾಗುತ್ತೇವೆ. ಇವೆಲ್ಲ ತಮ್ಮಷ್ಟಕ್ಕೆ ಒಳ್ಳೆಯವೇ. ಆದರೆ ಯಾವ ಉದ್ದೇಶವೂ ಇಲ್ಲದ ಹೊತ್ತು ಬಾಲ್ಯಕ್ಕೆ ಬೇಕು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಅಲುಗಿಸದೆ ಬಿಟ್ಟರಷ್ಟೇ ಮೊಸರು ಗಟ್ಟಿಯಾಗುವಂತೆ, ಹಗಲೆಲ್ಲ ಕಂಡು ಕೇಳಿದ್ದು ಮಗುವಿನಲ್ಲಿ ನೆಲೆಗೊಳ್ಳುವುದಕ್ಕೆ ಅಂಥ ವ್ಯವಧಾನ ಬೇಕು.

ಇಷ್ಟು ಎಲ್ಲ ಊರಿನ ಎಲ್ಲ ಮನೆಗಳಿಗೂ ಅನ್ವಯಿಸುವ ಮಾತು. ವಾಕಡದ ಕನ್ನಡ ಮನೆಗೆ ಇದಕ್ಕಿಂತ ಹೆಚ್ಚಿನ ಹೊಣೆಯೊಂದುಂಟು. ಭಾಷೆಯ ಸಂಬಂಧದ ಹೊಣೆ. ಇಲ್ಲಿನ ಏಳು ವರ್ಷದ ಹುಡುಗಿಯೊಬ್ಬಳು ಒಂದು ದಿನದಲ್ಲಿ ಸಂಚರಿಸುವ ಭಾಷೆಗಳನ್ನು ನೋಡಿ: ತರಗತಿಯಲ್ಲಿ ಇಂಗ್ಲಿಷು, ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ‘ಮಾವಶಿ’ಯೊಡನೆ ಮರಾಠಿ, ಲಿಫ್ಟಿನಲ್ಲಿಯೂ ಆಟದ ಮೈದಾನದಲ್ಲಿಯೂ ಸಿಕ್ಕುವ, ದೇಶದ ಹಲವು ಮೂಲೆಗಳಿಂದ ಬಂದ ಗೆಳತಿಯರೊಡನೆ ಹಿಂದಿ, ಮನೆಯಲ್ಲಿ ಕನ್ನಡ. ಇವುಗಳಲ್ಲಿ ಮೊದಲ ಮೂರಕ್ಕೂ ಶಾಲೆಯ, ಬೀದಿಯ, ಸಿನಿಮಾದ, ಸರಕಾರದ ಆಶ್ರಯವಿದೆ. 2020ರಲ್ಲಿ ಮಹಾರಾಷ್ಟ್ರದ ವಿಧಾನಮಂಡಲ ಅಂಗೀಕರಿಸಿದ ಕಾಯಿದೆಯ ಪ್ರಕಾರ, ಯಾವ ಮಂಡಳಿಗೆ ಸೇರಿದ ಶಾಲೆಯಾದರೂ ಮರಾಠಿಯನ್ನು ಕಡ್ಡಾಯವಾಗಿ ಕಲಿಸತಕ್ಕದ್ದು. ಒಂದನೆಯ ಮತ್ತು ಆರನೆಯ ತರಗತಿಗಳಿಂದ ಅದು ಮೊದಲಾಗಿ ವರ್ಷವರ್ಷವೂ ಮುಂದಿನ ತರಗತಿಗಳಿಗೆ ವಿಸ್ತರಿಸಿತು. ಇದನ್ನು ಕನ್ನಡಿಗರು ಆಕ್ಷೇಪಿಸಲು ಕಾರಣವಿಲ್ಲ. ಅನ್ನ ಕೊಡುವ ನಾಡಿನ ನುಡಿಯನ್ನು ಮಗು ಚೆನ್ನಾಗಿ ಕಲಿಯಬೇಕೆಂಬುದು ನ್ಯಾಯ. ಕರ್ನಾಟಕದಲ್ಲಿ ನೆಲಸಿದವರು ಕನ್ನಡ ಕಲಿಯಲೆಂದು ನಾವು ಬಯಸುವುದೂ ಇದೇ ನ್ಯಾಯವನ್ನು ಆಧರಿಸಿ.

2025ರಲ್ಲಿ ಮೂರನೆಯ ಭಾಷೆಯ ವಿವಾದ ಎದ್ದಿತು. ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿಯನ್ನು ಕಲಿಸುವ ಆಜ್ಞೆ ಏಪ್ರಿಲಿನಲ್ಲಿ ಹೊರಟಿತು. ಜೂನಿನಲ್ಲಿ ಅದನ್ನು ತಿದ್ದಿ, ಒಂದು ತರಗತಿಯಲ್ಲಿ 20 ಮಕ್ಕಳಾದರೂ ಬೇರೊಂದು ಭಾರತೀಯ ಭಾಷೆಯನ್ನು ಬಯಸಿದರೆ ಅದನ್ನು ಕಲಿಸಲಾಗುವುದೆಂದು ಸೇರಿಸಿದರು. ವಿರೋಧ ಪ್ರಬಲವಾಗಲು ಜೂನ್ 29ರಂದು ಎರಡು ಆಜ್ಞೆಗಳನ್ನೂ ಹಿಂತೆಗೆದುಕೊಂಡು, ನರೇಂದ್ರ ಜಾಧವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಈ ಗದ್ದಲದ ನಡುವೆ ಕನ್ನಡ ಮನೆಗಳು ಗಮನಿಸಬೇಕಾದ ಸಂಗತಿ ಒಂದಿತ್ತು. ನಿಯಮ ಹೇಗೇ ಬದಲಾಗಲಿ, ಒಂದೇ ತರಗತಿಯಲ್ಲಿ ಕನ್ನಡ ಕೇಳುವ 20 ಮಕ್ಕಳು ಒಟ್ಟುಗೂಡುವುದು ವಾಕಡದ ಶಾಲೆಯಲ್ಲಿ ದುಸ್ಸಾಧ್ಯ.

ಪುಣೆಯಲ್ಲಿ ಕನ್ನಡ ಶಿಕ್ಷಣಕ್ಕೆ ಆಸ್ಪದವೇ ಇಲ್ಲವೆಂದಲ್ಲ. ಪುಣೆಯ ಕನ್ನಡ ಸಂಘವು ಎರಂಡವಣೆಯಲ್ಲಿ ಕಲ್ಮಾಡಿ ಶಾಮರಾಯರ ಹೆಸರಿನಲ್ಲಿ ಕನ್ನಡ ಮಾಧ್ಯಮದ ಶಾಲೆಯನ್ನು ನಡೆಸಿಕೊಂಡು ಬಂದಿದೆ. 1967ರಲ್ಲಿ ಪುಣೆಯಲ್ಲಿಯೇ ಸ್ಥಾಪಿತವಾದ ಪಠ್ಯಪುಸ್ತಕ ಸಂಸ್ಥೆ ‘ಬಾಲಭಾರತಿ’ಯು ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಮುಂತಾದ ಗಡಿ ತಾಲ್ಲೂಕುಗಳ ಕನ್ನಡ ಶಾಲೆಗಳಿಗಾಗಿ ಕನ್ನಡದಲ್ಲಿಯೂ ಪುಸ್ತಕಗಳನ್ನು ಅಚ್ಚುಮಾಡುತ್ತದೆ. ಆದರೆ ವಾಕಡದಿಂದ ಎರಂಡವಣೆಗೆ ಆರು ವರ್ಷದ ಮಗುವನ್ನು ನಗರವನ್ನೇ ಹಾಯಿಸಿ ನಿತ್ಯವೂ ಕಳುಹಿಸುವುದು ಪ್ರಾಯೋಗಿಕವಲ್ಲ. ಮೇಲಾಗಿ ನಾಳೆ ಹೈದರಾಬಾದಿಗೋ ಬೆಂಗಳೂರಿಗೋ ವರ್ಗವಾಗಬಹುದಾದ ತಂದೆತಾಯಿಗಳು ಎಲ್ಲಿಯೂ ಸಲ್ಲುವ ಇಂಗ್ಲಿಷ್ ಮಾಧ್ಯಮವನ್ನೇ ಆರಿಸಿಕೊಳ್ಳುತ್ತಾರೆ. ಹೀಗಾಗಿ ಈ ಮಕ್ಕಳ ಪಾಲಿಗೆ ಕನ್ನಡದ ಪಾಠಶಾಲೆಯೆಂದರೆ ಮನೆಯೊಂದೇ; ಅದರ ವೇಳಾಪಟ್ಟಿಯೆಂದರೆ ಶಾಲೆ, ಕಚೇರಿ, ರಸ್ತೆಗಳು ಉಳಿಸಿಕೊಟ್ಟ ಹೊತ್ತು.

ಇಂಥ ಮನೆಗಳಲ್ಲಿ ಭಾಷೆ ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬುದು ಊಹೆಗೆ ಬಿಟ್ಟ ವಿಷಯವಲ್ಲ. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದಲ್ಲಿ, ಹೊರಗೆ ಡಚ್ ನುಡಿ ಮನೆಯಲ್ಲಿ ಬೇರೊಂದು ನುಡಿಯಿದ್ದ 1,800ಕ್ಕೂ ಹೆಚ್ಚು ಕುಟುಂಬಗಳನ್ನು ಪರಿಶೀಲಿಸಿ, ಭಾಷಾವಿಜ್ಞಾನಿ ಆನಿಕ್ ಡ ಹೌವರ್ ಅವರು 2007ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆ ಕುಟುಂಬಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಲ್ಲಿ ಮಕ್ಕಳು ಮನೆಯ ನುಡಿಯನ್ನು ಆಡುತ್ತಲೇ ಇರಲಿಲ್ಲ. ತಂದೆತಾಯಿಗಳಿಬ್ಬರೂ ಮನೆಯ ನುಡಿಯನ್ನು ಆಡಿ, ಹೊರಗಿನ ನುಡಿಯನ್ನು ಮನೆಯಲ್ಲಿ ಹೆಚ್ಚೆಂದರೆ ಒಬ್ಬರು ಮಾತ್ರ ಬಳಸಿದ ಕಡೆ ಮಕ್ಕಳು ಆ ನುಡಿಯನ್ನು ಉಳಿಸಿಕೊಂಡ ಸಂಭವ ಎಲ್ಲಕ್ಕಿಂತ ಅಧಿಕವಾಗಿತ್ತು. ಇದರ ತಾತ್ಪರ್ಯ ಸ್ಪಷ್ಟ: ಮಗು ಕನ್ನಡವನ್ನು ಕೇಳಿ ತಿಳಿದುಕೊಳ್ಳುವುದು ಒಂದು, ಕನ್ನಡದಲ್ಲಿ ಉತ್ತರಿಸುವುದು ಇನ್ನೊಂದು, ಉತ್ತರಿಸುವ ಅಭ್ಯಾಸವಾಗಬೇಕಾದರೆ ಮನೆಯಲ್ಲಿ ಕನ್ನಡ ಸಾಕಷ್ಟು ಹೊತ್ತು, ಸಾಕಷ್ಟು ಬಾಯಿಗಳಿಂದ ಕಿವಿಗೆ ಬೀಳಬೇಕು. ವಾರಕ್ಕೊಂದು ಗಂಟೆಯ ರವಿವಾರದ ಕನ್ನಡ ವರ್ಗ ಅಕ್ಷರವನ್ನು ಕಲಿಸೀತು. ಆಡುವ ಬಾಯನ್ನು ಅದೊಂದೇ ಕೊಡಲಾರದು.

ವಾಕಡದ ಒಂದು ಮನೆಯ ಅಡಿಗೆಮನೆಯಲ್ಲಿ ಕಂಡ ದೃಶ್ಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನ್ನಿಸುತ್ತದೆ. ಅಥಣಿಯ ಕಡೆಯಿಂದ ಮಗನ ಮನೆಗೆ ಬಂದಿದ್ದ ಅಜ್ಜಿ ಸಂಜೆಯ ಹೊತ್ತು ಜೋಳದ ರೊಟ್ಟಿಗೆ ಕುಳಿತಿದ್ದರು. ಎಸರು ಕುದಿಸಿ, ಹಿಟ್ಟಿನ ನಡುವೆ ಗುಳಿ ಮಾಡಿ ಸುರಿದು, ಬಿಸಿ ಆರುವ ಮುನ್ನವೇ ಅಂಗೈಯಿಂದ ಒತ್ತಿ ಒತ್ತಿ ನಾದಿದರು. ಮೊಮ್ಮಗ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ತನಗೂ ಒಂದು ಉಂಡೆ ಬೇಕೆಂದ. ಲಿಂಬೆಯ ಗಾತ್ರದ ಉಂಡೆಯನ್ನು ಅವನ ಕೈಗೆ ಕೊಟ್ಟು, ಒಣಹಿಟ್ಟು ಉದುರಿಸಿ, “ಸಾವಕಾಶ ಬಡಿಯೋ ತಮ್ಮಾ, ಅಂಚು ಸೀಳತೈತಿ” ಎಂದರು. ಅವನು ಬಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಆದರೂ ಅದನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಬೆಂಕಿಗೆ ಹಿಡಿದಾಗ ಅದರ ಅರ್ಧ ಭಾಗ ಎದ್ದುಬಂತು. ಹುಡುಗ ಹಿಗ್ಗಿನಿಂದ, ಮರಾಠಿಯಲ್ಲಿ, “ಆಯಿ, ಫುಗಲೀ ಬಘ!” ಎಂದು ಕೂಗಿದ. ಅಜ್ಜಿ ಅವನನ್ನು ತಿದ್ದಲಿಲ್ಲ, ಗದರಲಿಲ್ಲ, ಕನ್ನಡದಲ್ಲಿ ಹೇಳೆಂದು ಒತ್ತಾಯಿಸಲೂ ಇಲ್ಲ. “ಹೌದೋ ನನ್ನಪ್ಪಾ, ಉಬ್ಬೈತಿ ನೋಡ. ಇನ್ನೊಂದು ಬಡಿ, ಪೂರಾ ಉಬ್ಬತೈತಿ” ಎಂದಷ್ಟೇ ಹೇಳಿ ಮತ್ತೊಂದು ಉಂಡೆಯನ್ನು ಮುಂದಿಟ್ಟರು. ಎರಡನೆಯ ರೊಟ್ಟಿ ಹಂಚಿಗೆ ಬಿದ್ದಾಗ ಹುಡುಗ ತಾನಾಗಿಯೇ, “ಆಯಿ, ಇದು ಉಬ್ಬತೈತೇನ?” ಎಂದು ಕೇಳಿದ.

ಬೋಧನಶಾಸ್ತ್ರದಲ್ಲಿ ಪಾರಂಗತರಾದವರು ಮಾಡಬೇಕೆಂದು ಹೇಳುವುದನ್ನೇ ಆ ಅಜ್ಜಿ ಸಹಜವಾಗಿ ಮಾಡಿದ್ದರು. ಮಗುವಿನ ಮಾತನ್ನು ತಡೆಯದೆ, ಅದರ ಆಶಯವನ್ನೇ ತಮ್ಮ ನುಡಿಯಲ್ಲಿ ಮರಳಿ ಕೊಟ್ಟು, ಆ ನುಡಿಯನ್ನು ಮತ್ತೆ ಬಳಸುವ ಪ್ರಸಂಗವನ್ನು ಕೂಡಲೇ ಒದಗಿಸಿದ್ದರು. ಇದಕ್ಕೆ ಪುಸ್ತಕ ಬೇಕಾಗಲಿಲ್ಲ, ಸಾಧನ ಬೇಕಾಗಲಿಲ್ಲ. ಬೇಕಾದುದು ಅವಸರವಿಲ್ಲದ ಒಂದು ಮುಕ್ಕಾಲು ಗಂಟೆ, ಮಗುವಿನ ಕೈಗೂ ಪಾಲು ಕೊಡಬಹುದಾದ ಒಂದು ಕೆಲಸ, ಹಿಟ್ಟು ಚೆಲ್ಲಿದರೂ ಚಿಂತೆಯಿಲ್ಲವೆಂಬ ಮನಸ್ಸು. ರೊಟ್ಟಿಯಲ್ಲದಿದ್ದರೆ ಬಟ್ಟೆ ಮಡಿಚುವುದಾಗಲಿ, ಸೊಪ್ಪು ಸೋಸುವುದಾಗಲಿ, ತಂಗಿಯ ಜಡೆ ಹೆಣೆಯುವುದಾಗಲಿ ಇದಕ್ಕೆ ಸಾಲುತ್ತದೆ. ಕೈ ಕೆಲಸದಲ್ಲಿ ತೊಡಗಿರುವಾಗ ಬಂದ ಮಾತು ಅರ್ಥವನ್ನು ತನ್ನೊಡನೆಯೇ ತರುವುದರಿಂದ, ಮಗುವಿಗೆ ಅದನ್ನು ವಿವರಿಸುವ ಆವಶ್ಯಕತೆಯೇ ಬೀಳದು.

ದುರ್ದೈವದಿಂದ ಅಜ್ಜ-ಅಜ್ಜಿಯರ ಈ ಸಾನ್ನಿಧ್ಯವೂ ಇಲ್ಲಿ ಸರದಿಯ ಪ್ರಕಾರ ದೊರೆಯುವಂಥದು. ಊರಿನ ಹೊಲಮನೆ, ಹಬ್ಬಹುಣ್ಣಿಮೆ, ಇನ್ನೊಬ್ಬ ಮಗನ ಅಥವಾ ಮಗಳ ಸಂಸಾರ, ಇವುಗಳ ನಡುವೆ ಅವರು ಕೆಲವು ತಿಂಗಳು ಬಂದು ಇದ್ದು ಹೋಗುತ್ತಾರೆ. ಮಿಕ್ಕ ದಿನಗಳಲ್ಲಿ ಶಾಲೆ ಬಿಟ್ಟ ಮಗು ಸಂಜೆಯವರೆಗೆ ‘ಪಾಳಣಾಘರ’ವೆಂಬ ಶಿಶುಪಾಲನಾ ಕೇಂದ್ರದಲ್ಲಿ ಇರುತ್ತದೆ. ಮಕ್ಕಳನ್ನೇ ಊರಿಗೆ ಕಳುಹಿಸೋಣವೆಂದರೆ, ಗಡಿಯ ಎರಡು ಕಡೆಯ ರಜೆಗಳು ಹೊಂದಿಬರುವುದಿಲ್ಲ. ಕರ್ನಾಟಕದಲ್ಲಿ ಮಧ್ಯಾವಧಿಯ ದೀರ್ಘ ರಜೆ ದಸರೆಗೆ, ಮಹಾರಾಷ್ಟ್ರದಲ್ಲಿ ದೀಪಾವಳಿಗೆ. ಕರ್ನಾಟಕದಲ್ಲಿ ಬೇಸಗೆಯ ರಜೆ ಏಪ್ರಿಲಿನಲ್ಲಿ ತೊಡಗಿ ಮೇ ತಿಂಗಳಿಗೆ ಮುಗಿದರೆ, ರಾಜ್ಯಮಂಡಳಿಯ ಕ್ರಮದಂತೆ ಇಲ್ಲಿ ಅದು ಮೇ ತಿಂಗಳಲ್ಲಿ ತೊಡಗಿ ಜೂನಿನ ನಡುವಿನವರೆಗೆ ನಡೆಯುತ್ತದೆ. ದೀಪಾವಳಿಯ ರಜೆಗೆ ವಾಕಡದ ಮಗು ಅಜ್ಜನ ಊರಿಗೆ ಹೋದರೆ, ಹಬ್ಬದ ನಾಲ್ಕು ದಿನ ಕಳೆದೊಡನೆ ದೊಡ್ಡಪ್ಪನ ಮಕ್ಕಳು ಚೀಲ ಹೊತ್ತು ಶಾಲೆಗೆ ಹೋಗಿಬಿಡುತ್ತಾರೆ. ಓರಗೆಯ ಮಕ್ಕಳೊಡನೆ ಆಡಿ ಕಲಿಯುವ ಕನ್ನಡ ಹಿರಿಯರಿಂದ ಕಲಿಯುವುದಕ್ಕಿಂತ ಬೇಗ ಹತ್ತುತ್ತದಾದ್ದರಿಂದ, ಎರಡೂ ಕಡೆ ಬಿಡುವಿರುವ ಮೇ ತಿಂಗಳ ವಾರಗಳನ್ನು ಯಾವ ಶಿಬಿರಕ್ಕೂ ಪ್ರವಾಸಕ್ಕೂ ಒತ್ತೆಯಿಡದೆ ಊರಿಗಾಗಿಯೇ ಕಾದಿರಿಸುವುದು ಲೇಸು.

ಇಷ್ಟೆಲ್ಲ ಹೇಳಿದುದರಿಂದ ಮರಾಠಿಗೂ ಕನ್ನಡಕ್ಕೂ ಸ್ಪರ್ಧೆಯನ್ನು ಕಲ್ಪಿಸಿದಂತೆ ಯಾರೂ ತಿಳಿಯಬಾರದು. ಪುಣೆಯ ಮಣ್ಣಿನಲ್ಲಿ ಈ ಎರಡು ನುಡಿಗಳ ಸಖ್ಯ ಬಹಳ ಹಳೆಯದು. ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಪದವಿ ಪಡೆದದ್ದು ಪುಣೆಯ ಫರ್ಗುಸನ್ ಕಾಲೇಜಿನಲ್ಲಿ. ಅವರ ಕಾವ್ಯವಾದರೋ ಧಾರವಾಡದ ಬೀದಿಯ, ಅಂಗಳದ, ಹೆಂಗಳೆಯರ ಹಾಡಿನ ಕನ್ನಡದಿಂದ ಪುಷ್ಟವಾದುದು. ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲಸಿ, ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗೆ 1953ರಲ್ಲಿ ಸಂಗೀತೋತ್ಸವವನ್ನು ಆರಂಭಿಸಿದರು. ಅವರ ಕಂಠದಲ್ಲಿ ಮರಾಠಿ ಅಭಂಗವೂ ಕನ್ನಡದ ದಾಸರ ಪದವೂ ಸಮಾನವಾದ ಅಧಿಕಾರದಿಂದ ಮೊಳಗಿದವು. ಪಂಢರಪುರದ ವಿಠಲನು ಜ್ಞಾನೇಶ್ವರರ ಅಭಂಗದಲ್ಲಿ ಕನ್ನಡದವನು, ಪುರಂದರದಾಸರ ಕೀರ್ತನೆಗಳಲ್ಲಿ ಅಂಕಿತ. ಆಷಾಢ ಏಕಾದಶಿಯ ಸಮಯದಲ್ಲಿ ವಾಕಡದ ಶಾಲೆಗಳ ಪುಟ್ಟ ಮಕ್ಕಳು ಪಂಢರಪುರದ ಯಾತ್ರಿಕರಾದ ವಾರಕರಿಗಳ ವೇಷ ತೊಟ್ಟು, ತಾಳ ಹಿಡಿದು ದಿಂಡಿಯ ಮೆರವಣಿಗೆ ಹೊರಡುವಾಗ, ಕನ್ನಡ ಮನೆಯ ಮಗು ಅನ್ಯರ ಉತ್ಸವದಲ್ಲಿ ಅತಿಥಿಯಾಗಿ ನಡೆಯುತ್ತಿಲ್ಲ. ಅದರ ಅಜ್ಜಿ ಬೆಳಗಿನಲ್ಲಿ ಹಾಡಿಕೊಳ್ಳುವ ದಾಸರ ಪದದ ದೇವರೇ ಆ ದಿಂಡಿಯ ದೇವರು. ಈ ಸಂಬಂಧವನ್ನು ಮಗುವಿಗೆ ತಿಳಿಸಿಕೊಡಬಲ್ಲವರು ಮನೆಯವರು. ತಿಳಿಸಿಕೊಡಲು ಬೇಕಾದುದು ಮತ್ತದೇ ಹೊತ್ತು.

ಆದಕಾರಣ ಚಿಕ್ಕ ಮಕ್ಕಳಿರುವ ಮನೆಗಳಿಗೆ ನನ್ನ ವಿನಂತಿ ಇಷ್ಟು. ದಿನಕ್ಕೊಂದು ಊಟವನ್ನಾದರೂ ಎಲ್ಲರೂ ಕೂಡಿ, ಫೋನು ಟೀವಿಗಳನ್ನು ದೂರವಿಟ್ಟು, ಮನೆಯ ಮಾತಿನಲ್ಲಿ ಮಾತಾಡುತ್ತ ಉಣ್ಣಿರಿ. ದಿನಕ್ಕೊಂದು ಮನೆಗೆಲಸದಲ್ಲಿ ಮಗುವನ್ನು ಪಾಲುಗಾರನನ್ನಾಗಿ ಮಾಡಿಕೊಳ್ಳಿರಿ. ಅದರಿಂದ ಕೆಲಸ ನಿಧಾನವಾದರೆ ಆಗಲಿ. ಮಲಗುವ ಮುನ್ನ ಒಂದು ಕಥೆಯನ್ನು ಪುಸ್ತಕದಿಂದಲೋ ನೆನಪಿನಿಂದಲೋ ಹೇಳಿರಿ. ಇವುಗಳಿಗಾಗಿ ಸಂಜೆಯ ವರ್ಗವೊಂದನ್ನು ಬಿಡಬೇಕಾದರೆ ನಿಶ್ಶಂಕೆಯಿಂದ ಬಿಡಿರಿ.

ಆದರೆ ಮನೆಯವರಿಗೆ ಮಾತ್ರ ಉಪದೇಶ ಮಾಡಿ ನಿಲ್ಲುವುದು ಅನ್ಯಾಯವಾದೀತು. ಎಂಟು ಗಂಟೆಗೆ ಮನೆ ಸೇರುವ ತಾಯಿಗೆ ಏಳು ಗಂಟೆಯ ಊಟದ ಮಹಿಮೆಯನ್ನು ವರ್ಣಿಸಿ ಏನು ಪ್ರಯೋಜನ? ಶಾಲೆಯ ವೇಳೆಯನ್ನು ಮಗುವಿನ ನಿದ್ದೆಗೆ ಹೊಂದಿಸಬಹುದೆಂಬುದನ್ನು 2024ರ ಆಜ್ಞೆ ತೋರಿಸಿಕೊಟ್ಟಿದೆ. ಹಾಗೆಯೇ, ಹತ್ತು ವರ್ಷದೊಳಗಿನ ಮಕ್ಕಳುಳ್ಳ ನೌಕರರನ್ನು ಸಂಜೆ ಆರಕ್ಕೆ ಬಿಟ್ಟುಕೊಡುವುದು, ರಾತ್ರಿಯ ದೂರವಾಣಿ ಸಭೆಗಳಿಂದ ಅವರಿಗೆ ವಿನಾಯಿತಿ ಕೊಡುವುದು ಹಿಂಜವಡಿಯ ಕಂಪನಿಗಳಿಗೆ ಅಸಾಧ್ಯವೇನಲ್ಲ; ಸೊಸೈಟಿಗಳು ತಮ್ಮ ಸಭಾಂಗಣವನ್ನು ಸಂಜೆಯ ಹೊತ್ತು ಅಜ್ಜ-ಅಜ್ಜಿಯರಿಗೂ ಮಕ್ಕಳಿಗೂ ಬಿಟ್ಟುಕೊಟ್ಟರೆ, ಒಂದು ಮನೆಗೆ ಬಂದ ಅಜ್ಜಿ ಹತ್ತು ಮನೆಗಳ ಕನ್ನಡ ಮಕ್ಕಳಿಗೆ ಒದಗಿಬರುತ್ತಾರೆ; ರಸ್ತೆಯನ್ನು ಸುಗಮಗೊಳಿಸುವ ಪಾಲಿಕೆಯು ಆ ಮಟ್ಟಿಗೆ ಪ್ರತಿಯೊಂದು ಮಗುವಿನ ಸಂಜೆಯನ್ನೂ ಹಿಗ್ಗಿಸುತ್ತದೆ. ಮನೆಯ ಹೊತ್ತು ಮಗುವಿನ ಹಕ್ಕು. ಶಾಲೆ, ಕಚೇರಿ, ನಗರ ಈ ಮೂರೂ ಮೊದಲು ಆ ಹಕ್ಕನ್ನು ತೆಗೆದಿಟ್ಟು, ಉಳಿದುದರಲ್ಲಿ ತಮ್ಮ ತಮ್ಮ ವೇಳೆಯನ್ನು ಗೊತ್ತುಮಾಡಿಕೊಳ್ಳತಕ್ಕದ್ದು.